ಸೋಪಿನ ಹಲ್ಲು

ನೊರೆ, ನೊರೆಯಲ್ಲ, ಬರೀ ಎಂಜಲು ನೀರು, ಸಕ್ಷನ್ ಪೈಪಿನ ಬಾಯಿಗೆ ಸಿಕ್ಕಿ ಗೊರಗೊರ ಎನ್ನುತ್ತ ಬೆಳ್ಳಗೆ ಉಬ್ಬುತ್ತಿದೆ, ಇವತ್ತು ಬೆಳ್ಳಗಿರುವುದೆಲ್ಲ ನನಗೆ ನೊರೆಯೇ — ಬಾಯಿ ಇನ್ನೂ ಸ್ವಲ್ಪ ಅಗಲ ಮಾಡಿ, ಹಾಂ, ಅಷ್ಟೇ, ನೋವಾದ್ರೆ ಎಡಗೈ ಎತ್ತಿ, ಮಾತಾಡೋಕೆ ಹೋಗ್ಬೇಡಿ — ಮಾತಾಡುವುದಾದರೂ ಹೇಗೆ ಪಾಪ, ಬಾಯೊಳಗೆ ನನ್ನ ಎರಡು ಬೆರಳು, ಕನ್ನಡಿ, ಪೈಪು, ಕಿರ್ ಎನ್ನುವ ಡ್ರಿಲ್ಲು, ನಮ್ಮ ಕಸುಬಿನಲ್ಲಿ ಇದೊಂದು ಸುಖ ಕಣೇ, ಎದುರಿನವರು ತಿರುಗಿ ಮಾತಾಡಲ್ಲ, ಎನ್ನುತ್ತಿದ್ದರು ಅಪ್ಪ, ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಪಕ್ಕ, ಕುರ್ಚಿ ಈಗ ಹೊಸದು, ಕಿಟಕಿ ಅದೇ, ಬಾಗಿಲ ಮೇಲೆ ಅಪ್ಪನ ಹೆಸರು ಅದೇ, ಅದರ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ನನ್ನದು. ಮುರಿದುಕೊಳ್ಳಲು ಈ ಹೆಂಗಸಿಗೆ ಇವತ್ತು ಬೇರೆ ಹಲ್ಲೇ ಸಿಗಲಿಲ್ಲವೇ, ಬಲಗಡೆ ಮೇಲಿನ ಮೊದಲ ದವಡೆಹಲ್ಲು, ಅದೇ ಹಲ್ಲು, ಈ ಹೊತ್ತಿಗೆ ಮಗಳು ಡೆಂಟಲ್ ಕಾಲೇಜಿನ ಉದ್ದನೆಯ ಹಾಲಿನಲ್ಲಿ ಮೇಜಿನ ಮುಂದೆ ಕೂತು ಬಿಳಿ ಸೋಪಿನಲ್ಲಿ ಕೆತ್ತುತ್ತಿರುವುದೂ ಇದನ್ನೇ, ಲಿಖಿತ ಪರೀಕ್ಷೆ ಮುಗಿಯಿತು, ಪಾಸಾಯಿತು, ಉಳಿದದ್ದು ಕೈಪರೀಕ್ಷೆ, ಒಂದು ಸೋಪು, ಒಂದು ಚಾಕು, ಯಾರ ಕೈಯಲ್ಲಿ ಹಲ್ಲು ಹುಟ್ಟುತ್ತದೋ ಅವರಿಗೆ ಸೀಟು, ಹೇಳಿಕೊಳ್ಳುವುದು ಹಾಗೆ. ಅವಳ ಕೈ ಚೆನ್ನಾಗಿದೆ. ನಾನು ನೋಡಿದ್ದೇನಲ್ಲ, ಅಡುಗೆಮನೆಯ ಮೇಜಿನಲ್ಲಿ ಆ ಸಂಜೆ, ಚಾಕು ಹಿಡಿದ ಬೆರಳು ಒಂದಿಷ್ಟೂ ನಡುಗಲಿಲ್ಲ, ನಗುತ್ತಿದ್ದಳು, ಎರಡೂ ಹುಬ್ಬಿನ ಮೇಲೆ ಸೋಪಿನ ಪುಡಿ.

ನಗು ಬಂತು ಎಂದು ಡ್ರಿಲ್ಲು ಜಾರಬಾರದು. ಸಹಾಯಕಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಅಪ್ಪನ ಕಾಲದಿಂದ ಇರುವವಳು, ರೋಗಿಗಳ ಮುಂದೆ ಮೇಡಂ, ಅವರು ಆಚೆ ಹೋದ ಕೂಡಲೇ ಪಾಪು, ಐವತ್ತಕ್ಕೆ ಹತ್ತಿರವಾದರೂ ನಾನು ಅವಳಿಗೆ ಪಾಪುವೇ, ಪಾಪು, ಆ ಪ್ರಿನ್ಸಿಪಾಲ್‌ಗೆ ಒಂದು ಫೋನ್ ಹೊಡೀಬಾರ್ದಾ, ಏನು ಕೊಲೆ ಮಾಡು ಅಂತ ಹೇಳ್ತಾ ಇದ್ದೀನಾ, ಎಂದು ಬೆಳಗಿನಿಂದ ಹತ್ತಿ ಸುತ್ತುತ್ತಲೇ ಇದ್ದಾಳೆ. ಫೋನು ಕೋಟಿನ ಜೇಬಿನಲ್ಲಿದೆ, ತೊಡೆಗೆ ತಾಗುತ್ತಿದೆ, ಪ್ರಿನ್ಸಿಪಾಲ್ ಎಂದರೆ ಯಾರೋ ದೊಡ್ಡ ಮನುಷ್ಯನಲ್ಲ, ನನ್ನ ಜೊತೆ ಓದಿದವನು, ತರಗತಿಯಲ್ಲಿ ತೂಕಡಿಕೆ ಎಂದೇ ಹೆಸರಾಗಿದ್ದವನು, ಮೊನ್ನೆ ಅವನೇ ಫೋನ್ ಮಾಡಿದ್ದ, ಏನಮ್ಮಾ, ನಿನ್ನ ಮಗಳು ಹಳೇ ವಿದ್ಯಾರ್ಥಿಗಳ ಮಕ್ಕಳು ಅನ್ನೋ ಕಾಲಂ ಖಾಲಿ ಬಿಟ್ಟಿದ್ದಾಳಲ್ಲ, ಮರೆತಳಾ, ಮರೆತಿಲ್ಲಪ್ಪ, ಬೇಕು ಅಂತಲೇ ಬಿಟ್ಟಿದ್ದಾಳೆ, ಅಯ್ಯೋ ಹುಡುಗುಬುದ್ಧಿ, ನೀನು ಒಂದು ಮಾತು ಹೇಳು ಸಾಕು, ಸೋಪು ನೋಡಕ್ಕೆ ಕೂರೋ ಮುಂಚೆ ನಾನೇ ತುಂಬಿಸ್ತೀನಿ, ಮೂರನೇ ತಲೆಮಾರು ನಿಮ್ಮದು, ಹೊರಗಡೆಯವರ ಥರ ಕ್ಯೂನಲ್ಲಿ ನಿಲ್ಲೋದಾ. ಆ ಕಾಲಂ ತುಂಬಿದರೆ ಮೇಲೆ ಒಂದಿಷ್ಟು ಅಂಕ, ಆದ್ಯತೆ ಎಂದು ಅದಕ್ಕೆ ಮರ್ಯಾದಸ್ಥ ಹೆಸರು, ಆ ಅಂಕದ ಮುಂದೆ ಸೋಪು ಹೇಗಿದ್ದರೂ ನಡೆಯುತ್ತದೆ. ಮಗಳಿಗೆ ಹೇಳಿದೆ, ಹೇಳಬಾರದಿತ್ತು, ಮುಖ ಕೆಂಪಗಾಯಿತು, ಅಮ್ಮಾ, ನೀನು ಫೋನ್ ಮಾಡಿದ್ದು ಗೊತ್ತಾದ್ರೆ ನಾನು ಆ ಗೇಟಿನ ಒಳಗೆ ಕಾಲಿಡಲ್ಲ, ಸೀಟು ಸಿಗ್ಲಿ ಬಿಡ್ಲಿ, ನನ್ನ ಕೈಯಲ್ಲಿ ಆಯ್ತಾ ಇಲ್ವಾ ಅಂತ ನನಗೆ ಗೊತ್ತಾಗ್ಬೇಕು. ನನಗೆ ಗೊತ್ತಾಗಬೇಕು. ಅಷ್ಟೇ ಅವಳು ಕೇಳಿದ್ದು, ನನಗೆ ಯಾರೂ ಕೊಡದೇ ಇದ್ದದ್ದೂ ಅದೊಂದೇ. ಬೆಳಿಗ್ಗೆ ಬಾಗಿಲಲ್ಲಿ ಶೂ ಲೇಸು ಕಟ್ಟುತ್ತ ನಿಂತವಳಿಗೆ ಹೇಳಿದೆ, ಮಾದರಿ ನೋಡ್ತಾ ಟೈಮ್ ಹಾಳು ಮಾಡ್ಬೇಡ, ನಿನ್ನ ಕೈ ನಂಬು, ಅವಳು ಸರಿ ಮಹಾತಾಯಿ ಎಂದು ಓಡಿದಳು. ಬಾಗಿಲು ಹಾಕಿಕೊಂಡ ಮೇಲೆ ಹೊಳೆಯಿತು, ಅದು ನನ್ನ ಮಾತಲ್ಲ, ಅಪ್ಪನ ಮಾತು.

ಬಾಯಿ ಮುಕ್ಕಳಿಸಿ, ಇಲ್ಲ ಇಲ್ಲ, ಏಳ್ಬೇಡಿ, ಅಲ್ಲೇ ತಲೆ ವಾಲಿಸಿ ಸಾಕು. ಅಪ್ಪ ನನಗೆ ಕಲಿಸಿದ್ದು ಇಲ್ಲೇ, ಈ ಕಿಟಕಿಯ ಪಕ್ಕದ ಮೇಜಿನಲ್ಲಿ, ಕೊನೆಯ ರೋಗಿ ಹೋದ ಮೇಲೆ, ಕಾಲೇಜಿನಲ್ಲಿ ವರ್ಷವರ್ಷವೂ ಅದೇ ಹಲ್ಲು ಕೆತ್ತಿಸುತ್ತಾರೆಂದು ಅಲ್ಲಿ ಓದಿದವರಿಗೆಲ್ಲ ಗೊತ್ತು, ಓದದವರಿಗೆ ಗೊತ್ತಿಲ್ಲ, ಅದನ್ನು ಯಾರೂ ಗುಟ್ಟು ಎಂದು ಕರೆಯಲಿಲ್ಲ, ಮನೆಮಾತು ಅಷ್ಟೇ. ಅಪ್ಪ ಆ ಕಡೆ, ನಾನು ಈ ಕಡೆ, ನಡುವೆ ಹಳೆಯ ಪೇಪರು, ಇಬ್ಬರ ಕೈಯಲ್ಲೂ ಒಂದೊಂದು ಸೋಪು, ನನ್ನ ಕೈ ನೋಡು, ಹಾಗೇ ಮಾಡು, ಅಪ್ಪನ ಚಾಕು ಕಿಟಕಿಯ ಕಡೆಗೆ ಇಳಿದರೆ ನನ್ನದೂ ಕಿಟಕಿಯ ಕಡೆಗೆ, ಅಪ್ಪ ಗೋಡೆಯ ಕಡೆ ಕೆರೆದರೆ ನಾನೂ ಗೋಡೆಯ ಕಡೆ, ಅಪ್ಪ ಎದೆಯ ಕಡೆ ಎಳೆದುಕೊಂಡರೆ ನಾನೂ ನನ್ನ ಎದೆಯ ಕಡೆ, ಕನ್ನಡಿಯ ಮುಂದೆ ತಲೆ ಬಾಚಿಕೊಂಡ ಹಾಗೆ, ತಿಂಗಳುಗಟ್ಟಲೆ, ಆಮೇಲಾಮೇಲೆ ಅಪ್ಪನ ಕೈ ನೋಡದೆಯೇ ಬಂತು, ಕಣ್ಣು ಮುಚ್ಚಿದರೂ ಬಂತು. ಮುಗಿಸಿದ್ದನ್ನು ಅಪ್ಪ ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರುತ್ತಿದ್ದರು, ಬೆಳಕಿಗೆ ಹಿಡಿಯುತ್ತಿದ್ದರು, ನಯ ಚೆನ್ನಾಗಿ ಬಂದಿದೆ ಅನ್ನುತ್ತಿದ್ದರು, ಒಂದು ಸಲ ಮಾತ್ರ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ, ಪರವಾಗಿಲ್ಲ ಬಿಡು, ಸೀಟಿಗೇನೂ ತೊಂದ್ರೆ ಇಲ್ಲ ಎಂದರು. ಯಾಕೆ ಹಾಗೆ ಹೇಳಿದರು ಎಂದು ಆಗ ನಾನು ಕೇಳಲಿಲ್ಲ, ಹಸಿವಾಗಿತ್ತು, ಮನೆಗೆ ಹೋಗುವ ಅವಸರ. ಕೇಳುವ ಧೈರ್ಯ ಬರುವ ಹೊತ್ತಿಗೆ ಅಪ್ಪನ ಬಾಯಿಗೆ ಪೈಪು ಹಾಕಿದ್ದರು, ಆಸ್ಪತ್ರೆಯಲ್ಲಿ, ಅವರೂ ತಿರುಗಿ ಮಾತಾಡಲಿಲ್ಲ.

ನನ್ನ ಪರೀಕ್ಷೆಯ ದಿನ ಆ ಹಾಲಿನಲ್ಲಿ ಮುಂದೆ ಒಂದು ಎತ್ತರದ ಸ್ಟೂಲು, ಅದರ ಮೇಲೆ ಮಗುವಿನ ತಲೆಯಷ್ಟು ದೊಡ್ಡದೊಂದು ಪ್ಲಾಸ್ಟರಿನ ಹಲ್ಲು, ಮಾದರಿ, ಎಲ್ಲರೂ ಬಂದು ನೋಡಿಕೊಳ್ಳಿ ಎಂದರು, ಎಲ್ಲರೂ ಎದ್ದು ಹೋದರು, ನಾನು ಹೋಗಲಿಲ್ಲ, ಗೊತ್ತಿರುವುದನ್ನು ಏನು ನೋಡುವುದು, ಕೂತಲ್ಲೇ ಚಾಕುವಿನ ಮೊನೆ ಉಗುರಿಗೆ ಒತ್ತಿ ನೋಡಿಕೊಳ್ಳುತ್ತಿದ್ದೆ, ಡಾಕ್ಟರ ಮಗಳಲ್ವಾ, ಎಂದು ಮೇಲ್ವಿಚಾರಕರೊಬ್ಬರು ನನ್ನ ಹಿಂದೆ ನಿಂತು ಯಾರಿಗೋ ಹೇಳಿದ್ದು ಕೇಳಿಸಿತು, ಕಿವಿ ಬಿಸಿಯಾಗಿ ಹಿತವಾಗಿತ್ತು. ಪಕ್ಕದ ಮೇಜಿನ ಹುಡುಗಿ ಮಾತ್ರ ಎರಡು ಸಲ ಎದ್ದು ಹೋದಳು, ನೀಲಿ ಸ್ವೆಟರು, ಒಂದು ತೋಳಿನ ಅಂಚಿಗೆ ಬೇರೆ ನೀಲಿಯ ದಾರದಲ್ಲಿ ರಫೂ ಮಾಡಿತ್ತು, ಗಿಡ್ಡ, ತುದಿಗಾಲಲ್ಲಿ ನಿಂತು ಹಲ್ಲಿನ ಸುತ್ತ ನಿಧಾನ ಸುತ್ತಿದಳು, ವಾಪಸು ಬಂದು ಸೋಪನ್ನು ತುಂಬ ಹೊತ್ತು ಸುಮ್ಮನೆ ಕೈಯಲ್ಲಿ ಹಿಡಿದಿದ್ದಳು, ಬೆಚ್ಚಗಾಗಲಿ ಎಂದೋ ಏನೋ. ನಾನು ಮುಗಿಸಿ ತಲೆ ಎತ್ತುವಾಗ ಅವಳೂ ಮುಗಿಸಿದ್ದಳು, ಎರಡು ತಟ್ಟೆ ಅಕ್ಕಪಕ್ಕ, ಎರಡು ಹಲ್ಲು, ಒಂದೇ ಗಾತ್ರ, ಒಂದೇ ನಯ, ಆದರೆ ಅವಳದು ನನ್ನದಕ್ಕೆ ಪೂರ್ತಿ ಉಲ್ಟಾ, ಜೋಡಿ ಚಪ್ಪಲಿಯ ಹಾಗೆ, ಹಲ್ಲಿಗೂ ಎಡಬಲ ಇದೆ ಎನ್ನುವಷ್ಟು ನನಗೆ ಗೊತ್ತಿತ್ತು, ಅಯ್ಯೋ ಪಾಪ, ಎಡಗಡೆಯದ್ದು ಕೆತ್ತಿಬಿಟ್ಟಿದ್ದಾಳೆ ಅಂದುಕೊಂಡೆ, ಹೇಳೋಣವೇ ಬೇಡವೇ, ಬೇಡ, ಗಂಟೆ ಆಗುವುದರಲ್ಲಿದೆ, ಹೇಳಿದರೂ ತಿದ್ದಲು ಆಗುವುದಿಲ್ಲ. ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಅವಳೇ ಮಾತಾಡಿಸಿದಳು, ನಿಮ್ಮದು ಎಷ್ಟು ನಯವಾಗಿ ಬಂದಿದೆ, ಯಾರು ಹೇಳಿಕೊಟ್ರು, ಅಪ್ಪ, ನಿಮಗೆ, ಯಾರೂ ಇಲ್ಲ, ಇವತ್ತೇ ನೋಡಿದ್ದು. ನಿಮಗೂ ಸಿಗುತ್ತೆ ಬಿಡಿ, ಎಂದೆ ನಾನು, ದೊಡ್ಡ ಮನಸ್ಸು ಮಾಡಿ.

ಅವಳಿಗೆ ಸಿಗಲಿಲ್ಲ, ಮೊದಲ ದಿನ ಬೆಂಚು ಬೆಂಚು ಹುಡುಕಿದೆ, ನೀಲಿ ಸ್ವೆಟರು ಇರಲಿಲ್ಲ, ಪಾಪ ಅಂದುಕೊಂಡೆ, ಇನ್ನೊಂದು ಸಲ ಪಾಪ, ಅಷ್ಟರಲ್ಲಿ ಮರೆತೂ ಬಿಟ್ಟಿದ್ದೆ. ಹಲ್ಲಿನ ರಚನೆಯ ಪಾಠ ಶುರುವಾದ ದಿನ ಮೇಷ್ಟ್ರು ಅದೇ ಪ್ಲಾಸ್ಟರಿನ ಹಲ್ಲನ್ನು ಕಂಕುಳಲ್ಲಿ ಹೊತ್ತುಕೊಂಡು ಬಂದರು, ಮೇಜಿನ ಮೇಲಿಟ್ಟು ತಿರುಗಿಸಿ ತೋರಿಸಿದರು, ಇದು ಬಲಗಡೆಯದ್ದು, ನೋಡಿ, ಒಳಬದಿಯಲ್ಲಿ ಮುಂದಿನ ಉಬ್ಬು ದೊಡ್ಡದು, ಹಿಂದಿನದು ಚಿಕ್ಕದು, ಇದನ್ನು ತಪ್ಪಿಸಿದರೆ ಎಡದ್ದಾಗಿ ಹೋಗುತ್ತೆ, ಎಲ್ಲರೂ ನಕ್ಕರು, ನಾನೂ ನಗಲು ಹೋದೆ, ಬಾಯೊಳಗೆ ನಾಲಿಗೆ ಅದರ ಪಾಡಿಗೆ ನನ್ನದೇ ಹಲ್ಲಿನ ಮೇಲೆ ಹೋಯಿತು, ಮುಂದಿನ ಉಬ್ಬು, ದೊಡ್ಡದು, ಹಿಂದಿನದು, ಚಿಕ್ಕದು, ಇನ್ನೊಂದು ಸಲ, ದೊಡ್ಡದು, ಚಿಕ್ಕದು, ನನ್ನ ಸೋಪಿನಲ್ಲಿ ದೊಡ್ಡದು ಹಿಂದಿತ್ತು. ಉಲ್ಟಾ ಕೆತ್ತಿದ್ದು ನಾನು, ಅವಳದು ಸರಿಯಿತ್ತು, ಎಂಟಾಣೆಯಲ್ಲ ಹದಿನಾರಾಣೆ ಸರಿಯಿತ್ತು, ಅವಳ ಸರಿಯನ್ನು ನೋಡಿ ನಾನು ಪಾಪ ಎಂದಿದ್ದೆ, ನೋಡಲು ಕೂತವರಿಗೆ ನನ್ನದು ಉಲ್ಟಾ ಎಂದು ಒಂದು ನೋಟಕ್ಕೇ ಗೊತ್ತಾಗಿರಬೇಕು, ಗೊತ್ತಾಗಿಯೂ ಕಾಲಂ ನೋಡಿ, ಅಂಕ ಕೂಡಿಸಿ, ಸೈ. ಅಪ್ಪನಿಗೂ ಗೊತ್ತಿತ್ತೇ, ಪರವಾಗಿಲ್ಲ ಬಿಡು ಎಂದದ್ದು ಅದಕ್ಕೇ ಇರಬೇಕೇ, ತಿದ್ದಲು ಹೋದರೆ ಮಗಳು ಮನಸ್ಸು ಚಿಕ್ಕದು ಮಾಡಿಕೊಂಡಾಳು, ಹೇಗೂ ಸೀಟಿದೆ, ಯಾಕೆ ನೋಯಿಸುವುದು. ಯಾರಿಗೂ ಹೇಳಲಿಲ್ಲ ನಾನು, ಗಂಡನಿಗೂ, ಮಗಳಿಗೂ, ಆಮೇಲೆ ಕಲಿತೆ, ಚೆನ್ನಾಗಿಯೇ ಕಲಿತೆ, ಯಾರ ಬಾಯಲ್ಲೂ ಎಡಬಲ ಮಾಡಿಲ್ಲ, ಕೈಗುಣ ಅಪ್ಪನದ್ದೇ, ರಕ್ತದಲ್ಲೇ ಬಂದಿದೆ ಎಂದು ಜನ ಹೊಗಳುತ್ತಾರೆ, ನಾನು ಹಲ್ಲು ಕಿರಿಯುತ್ತೇನೆ. ಕಲಿತೆ ಎಂದು ಎಷ್ಟು ಸಲ ಹೇಳಿಕೊಂಡರೂ ಅದರ ಹಿಂದೆಯೇ ಇನ್ನೊಂದು ಮಾತು ಬಂದು ನಿಲ್ಲುತ್ತದೆ, ಅವಳೂ ಕಲಿಯುತ್ತಿದ್ದಳು.

ಈ ಹೆಂಗಸಿನ ಕೈ. ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಿದ್ದಾಳೆ, ಗಿಡ್ಡ ಬೆರಳು, ಸಣ್ಣಗೆ ಕತ್ತರಿಸಿದ ಉಗುರು, ನನ್ನ ವಯಸ್ಸೇ ಇರಬೇಕು, ಯಾವುದೋ ಶಾಲೆಯ ಆಫೀಸಿನಲ್ಲಿ ಕೆಲಸ ಎಂದಳಲ್ಲ, ಇವಳೇ ಇರಬಹುದೇ, ಇದೊಂದು ರೋಗ ನನಗೆ, ನನ್ನ ವಯಸ್ಸಿನ ಗಿಡ್ಡ ಹೆಂಗಸರೆಲ್ಲ ಅವಳೇ, ಬಸ್ ಸ್ಟಾಪಿನಲ್ಲಿ, ಔಷಧಿ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಮೊದಲು ಕಣ್ಣು ಹೋಗುವುದು ತೋಳಿನ ಅಂಚಿಗೆ, ರಫೂ ಇದೆಯೇ ಎಂದು, ಆ ಸ್ವೆಟರು ಇಷ್ಟು ವರ್ಷ ಯಾರು ಹಾಕಿಕೊಂಡಿರುತ್ತಾರೆ ದಡ್ಡಿ. ಬಾಯಲ್ಲಿ ಬೆರಳಿಟ್ಟುಕೊಂಡು ಕೇಳಲೂ ಆಗುವುದಿಲ್ಲ, ನೀವು ಯಾವಾಗಲಾದ್ರೂ ಸೋಪಿನಲ್ಲಿ ಹಲ್ಲು ಕೆತ್ತಿದ್ರಾ, ಹೌದು ಎಂದರೆ ಏನು ಮಾಡುತ್ತೀಯ, ಈ ಕುರ್ಚಿಯಿಂದ ಅವಳನ್ನು ಎಬ್ಬಿಸಿ ನೀನು ಮಲಗುತ್ತೀಯಾ. ತೂಕಡಿಕೆಯ ವಾದವೇ ಬೇರೆ, ನಮ್ಮ ಮಕ್ಕಳು ಬಂದ್ರೆ ತಾನೇ ನಾವು ಕಾಲೇಜಿನ ಕೈ ಹಿಡಿಯೋದು, ಹಳಬರು ಕಟ್ಟಿಸಿದ ಹಾಸ್ಟೆಲ್‌ನಲ್ಲಿ ಇವತ್ತು ಇಲ್ಲದವರ ಮಕ್ಕಳೂ ಇದ್ದಾರಲ್ಲ, ಅದು ಅನ್ಯಾಯನಾ, ನೀನೇ ಹೇಳು, ನಾನು ಏನು ಹೇಳಲಿ, ಅವನು ಹೇಳುವುದೂ ಸುಳ್ಳಲ್ಲ, ಆ ಹಾಸ್ಟೆಲಿನ ಮಕ್ಕಳನ್ನು ನಾನೂ ನೋಡಿದ್ದೇನೆ. ನಮ್ಮ ಯಜಮಾನರದು ಇನ್ನೂ ಸುಲಭ, ಬಸ್ಸಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ ಕಣೇ, ನಿಮ್ಮಪ್ಪ ನಿನಗೆ ಹಾಕಿದ್ರು, ನೀನು ಅವಳಿಗೆ ಹಾಕ್ತೀಯ, ನಿಂತವರು ನಿಂತೇ ಇರ್ತಾರೆ, ಎಂದು ನಗುತ್ತಾರೆ, ಮಗಳು ನಗುವುದಿಲ್ಲ, ಅಪ್ಪಾ, ನಿಂತವರ ಮುಖ ನೋಡಿದೀಯಾ ನೀನು, ಎನ್ನುತ್ತಾಳೆ. ನಾನು ನೋಡಿದ್ದೇನೆ, ನಲ್ಲಿಯ ಕೆಳಗೆ ಕೈ ಒಡ್ಡಿಕೊಂಡು, ಇವತ್ತೇ ನೋಡಿದ್ದು, ಎಂದು ನಗುತ್ತಿತ್ತು.

ನೋವಾಯ್ತಾ, ಎಡಗೈ ಅಂದಿದ್ದೆ, ಬಲಗೈ ಎತ್ತಿದ್ದೀರಲ್ಲ, ಪರವಾಗಿಲ್ಲ, ಯಾವ ಕೈಯಾದರೂ ಸರಿ, ಕ್ಯಾಪ್‌ಗೆ ಹಲ್ಲಿನ ಅಚ್ಚು ತೆಗೆಯೋದೊಂದು ಬಾಕಿ, ಸಹಾಯಕಿ ಪುಡಿ ಕಲಸುತ್ತಿದ್ದಾಳೆ, ಬಟ್ಟಲಲ್ಲಿ ಚಪಚಪ, ಬೇಗ ಕಲಸಮ್ಮ. ಬಟ್ಟಲು ನೋಡಿದರೆ ನೆನಪಾಗುವುದು, ನಮ್ಮನೇಲಿ ಮಾತ್ರ ಬಟ್ಟಲಲ್ಲಿ ಸೋಪು ಯಾಕಿಲ್ಲಮ್ಮ, ಎಂದು ಮಗಳು ಚಿಕ್ಕವಳಿದ್ದಾಗಲೇ ಕೇಳಿದ್ದಳು, ಎಲ್ಲ ಬಾಟಲಿಯದ್ದೇ, ಒತ್ತಿದರೆ ಬರುವಂಥದ್ದು, ಬಿಳಿ ಸೋಪಿನ ವಾಸನೆ ನನಗಾಗುವುದಿಲ್ಲ, ಅಲರ್ಜಿ ಎಂದು ಹೇಳಿಟ್ಟಿದ್ದೆ. ಆ ಸಂಜೆ ಅವಳೇ ಅಂಗಡಿಗೆ ಹೋಗಿ ತಂದಳು, ಅಡುಗೆಮನೆಯ ಮೇಜಿನ ಮೇಲೆ ಟಪ್ ಎಂದು ಇಟ್ಟಳು, ಕಲಿಸು, ಅಲರ್ಜಿ ಆದ್ರೆ ಮೂಗು ಮುಚ್ಕೋ. ವಾಸನೆ ಬಂತು, ನಲ್ಲಿ ಬಂತು, ನೀಲಿ ಸ್ವೆಟರು ಬಂತು, ಆದರೂ ಕೂತೆ, ಯಾಕೆಂದರೆ ಇದೊಂದನ್ನಾದರೂ ಸರಿಯಾಗಿ ಕೊಡಬೇಕಿತ್ತು, ಅಂಕ ಬೇಡ ಎಂದವಳಿಗೆ ಕೈಯಾದರೂ ಕೊಡಬೇಕಿತ್ತು, ಅಪ್ಪನ ಹಾಗೆ ಎದುರು ಕೂರಬಾರದು, ಕೂತರೆ ಎಡಬಲ ಅದಲುಬದಲು, ಪಕ್ಕದಲ್ಲಿ ಕೂರಬೇಕು, ಒಂದೇ ಕಡೆ ಮುಖ ಮಾಡಿ, ಭುಜಕ್ಕೆ ಭುಜ ತಾಗಿಸಿ, ಅವಳ ಎಡವೇ ನನ್ನ ಎಡ, ಎಷ್ಟು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪಾಠ ಅದು, ಕುರ್ಚಿ ಎಳೆದದ್ದು ನೆನಪಿದೆ, ಕಾಲು ನೆಲಕ್ಕೆ ಉಜ್ಜಿ ಕರ್ರೆಂದಿತು, ಯಜಮಾನರು ಆಚೆಯಿಂದ, ನೆಲ ಕಿತ್ತು ಹೋಗುತ್ತೆ ಎಂದು ಕೂಗಿದರು, ನೆಲದ ಚಿಂತೆ ಬಿಟ್ಟು ಬಟ್ಟೆ ಮಡಚಿ ಎಂದೆ, ಅವರು ಒಗೆದ ಬಟ್ಟೆಯನ್ನೆಲ್ಲ ತಂದು ಕುರ್ಚಿಯ ಮೇಲೆ ರಾಶಿ ಹಾಕಿ, ನಾಳೆ ಮಡಚ್ತೀನಿ ಎನ್ನುವ ಪೈಕಿ. ಮಗಳು ಚಾಕು ಹಿಡಿದು ತಡೆದಳು, ಅಮ್ಮಾ, ಇದೂ ಒಂಥರಾ ಶಿಫಾರಸೇ ಅಲ್ವಾ, ಯಾವ ಹಲ್ಲು ಬರುತ್ತೆ ಅಂತ ನನಗೆ ಮೊದಲೇ ಗೊತ್ತು, ಬೇರೆಯವರಿಗೆ ಯಾರು ಹೇಳ್ತಾರೆ, ಎಂದಳು, ಅಮ್ಮ ಮಗಳಿಗೆ ಕಲಿಸೋದನ್ನೂ ಶಿಫಾರಸು ಅಂದ್ರೆ ಇನ್ನು ನಾನು ನಿನಗೆ ಮಾತು ಕಲಿಸಿದ್ದೂ ತಪ್ಪೇ, ಎಂದು ರೇಗಿದೆ, ಅವಳು ನಕ್ಕಳು, ಸೋಪಿಗೆ ಚಾಕು ಇಳಿಸಿದಳು, ನನ್ನ ಕೈ ನೋಡು, ಹಾಗೇ ಮಾಡು. ಎಷ್ಟು ಬೇಗ ಬಂತು ಅವಳಿಗೆ, ಒಂದೇ ಸಂಜೆಯಲ್ಲಿ ಹಲ್ಲು, ತಾ ನೋಡೋಣ ಎಂದು ಕೈ ಚಾಚುವಷ್ಟರಲ್ಲಿ ನಲ್ಲಿ ತಿರುಗಿಸಿ ಅದೇ ಹಲ್ಲಿನಿಂದ ಕೈ ತೊಳೆದುಬಿಟ್ಟಳು ಪುಣ್ಯಾತ್ಗಿತ್ತಿ, ಸೋಪು ಇರೋದು ಅದಕ್ಕೇ ತಾನೇ, ಕೈಗೆ ಬಂತು, ಇನ್ನು ನಾನು ರೂಮಲ್ಲಿ ಮಾಡ್ಕೋತೀನಿ, ನೀನು ಬಂದು ನೋಡ್ಬಾರ್ದು, ನೋಡಿದ್ರೆ ತಿದ್ದುತ್ತೀಯ, ಎಂದಳು. ಬಾಗಿಲು ಹಾಕಿಕೊಂಡು ದಿನಾ ಕೆತ್ತಿದಳು, ಬಾಗಿಲ ಸಂದಿಯಿಂದ ಕೆರೆಯುವ ಸದ್ದು, ನಾನು ಆಣೆ ಇಟ್ಟುಕೊಂಡವಳಂತೆ ಒಳಗೆ ಹೋಗಲೇ ಇಲ್ಲ.

ಆಯ್ತು, ಗಟ್ಟಿಯಾಯ್ತು, ತೆಗೀತೀನಿ, ಹಾಂ, ಬಂತು ನೋಡಿ, ಇನ್ನು ಎದ್ದು ಕೂರಬಹುದು. ಕುರ್ಚಿ ಝುಂಯ್ ಎನ್ನುತ್ತ ಮೇಲೇಳುತ್ತಿದೆ, ಹೆಂಗಸು ಕನ್ನಡಕ ತೆಗೆದು, ತುಟಿ ಒರೆಸಿಕೊಂಡು, ನನ್ನ ಕಡೆ ತಿರುಗಿ ಕೂತಳು, ಇಷ್ಟು ಹೊತ್ತು ಅವಳ ತಲೆಯ ಹಿಂದೆ ಕೂತು ಕೆಲಸ ಮಾಡಿದವಳಿಗೆ ಪೂರ್ತಿ ಮುಖ ಕಂಡದ್ದು ಈಗ, ಅವಳಲ್ಲ, ಯಾರೋ ಬೇರೆ, ಗಲ್ಲದಲ್ಲಿ ಮಚ್ಚೆ, ನೀವು ದೊಡ್ಡ ಡಾಕ್ಟರ ಮಗಳಂತಲ್ಲ, ಹೊರಗಡೆ ಹೇಳ್ತಿದ್ರು, ಕೈ ಎಷ್ಟು ಹಗುರ ನಿಮ್ದು, ಎನ್ನುತ್ತಿದ್ದಾಳೆ, ಡ್ರಿಲ್ಲಿನ ಬೆಳ್ಳನೆ ಪುಡಿ ಹಾರಿ ಹುಬ್ಬಿನ ಮೇಲೆ ಕೂತಿದೆ, ಒರೆಸಲು ಬಟ್ಟೆ ಚಾಚಿದೆ, ಒಂದು ಹುಬ್ಬು, ಇನ್ನೊಂದು ಹುಬ್ಬು, ಎರಡೂ. ಎರಡೂ ಹುಬ್ಬು. ಕೈ ಅಲ್ಲೇ ನಿಂತಿತು. ಏನಾಯ್ತು ಡಾಕ್ಟ್ರೇ, ಏನಿಲ್ಲ, ಏನಿಲ್ಲ, ಮುಂದಿನ ವಾರ ಬನ್ನಿ, ಕ್ಯಾಪ್ ಬಂದಿರುತ್ತೆ, ಆ ಕಡೆಯಿಂದ ಅಗಿಯಬೇಡಿ, ಎಂದು ಬಾಯಿ ತನ್ನ ಪಾಡಿಗೆ ಹೇಳಿ ಕಳಿಸಿತು. ಪಕ್ಕದಲ್ಲಿ ಕೂತವಳಿಗೆ ಎರಡೂ ಹುಬ್ಬು ಹೇಗೆ ಕಾಣುತ್ತದೆ. ಪಕ್ಕದಲ್ಲಿ ಕೂತರೆ ಒಂದು ಕಿವಿ, ಒಂದು ಕೆನ್ನೆ, ಓಲೆ, ಅಷ್ಟೇ. ತಿರುಗಿ ನೋಡಿರಬಹುದು ಅವಳು, ನಗುವಾಗ ನನ್ನ ಕಡೆ ತಿರುಗಿರಬಹುದು, ಹೌದು ತಿರುಗಿದಳು, ಕುರ್ಚಿ ಎಳೆದದ್ದು ನೆನಪಿದೆಯಲ್ಲ, ಕರ್ರೆಂದಿತಲ್ಲ, ಎಳೆದದ್ದು ಯಾವ ಕುರ್ಚಿ, ಪಕ್ಕದ್ದು, ಪಕ್ಕದ ಕುರ್ಚಿಯ ಮೇಲೆ ಬಟ್ಟೆಯ ರಾಶಿ ಇತ್ತು. ರಾಶಿ ಕೆಳಗೆ ಇಳಿಸಿದೆನೇ, ಇಳಿಸಿರಬೇಕು, ಇಳಿಸಿದ್ದು ನೆನಪಿಲ್ಲ, ಮಾರನೆಯ ದಿನ ಬೆಳಿಗ್ಗೆಯೂ ರಾಶಿ ಅಲ್ಲೇ ಇತ್ತು, ಅದರ ಮೇಲಿಂದ ಟವೆಲ್ಲು ಎಳೆದುಕೊಂಡು ನಾನು ಸ್ನಾನಕ್ಕೆ ಹೋದೆ. ಎಳೆದ ಕುರ್ಚಿ ಮೇಜಿನ ಆ ಕಡೆಯದ್ದು, ಎದುರಿನದು. ವರ್ಷವರ್ಷ ಮನಸ್ಸಿನಲ್ಲಿ ಪಕ್ಕಪಕ್ಕ ಕೂತು ಕಲಿಸಿದವಳು, ಚಾಕು ಕೈಗೆ ಬಂದ ಕೂಡಲೇ ಅಪ್ಪ ಕೂತ ಕಡೆ ಹೋಗಿ ಕೂತೆನೇ.

ಇಲ್ಲ, ಮಾದರಿ ಇರುತ್ತದೆ, ಸ್ಟೂಲಿನ ಮೇಲೆ ಇಟ್ಟಿರುತ್ತಾರೆ, ಅವಳು ನೋಡುತ್ತಾಳೆ, ನೋಡಿದರೆ ಗೊತ್ತಾಗುತ್ತದೆ, ಬುದ್ಧಿವಂತೆ, ಆ ಹುಡುಗಿಯ ಹಾಗೆ ಸುತ್ತ ಒಂದು ಸುತ್ತು ಬಂದರೆ ಸಾಕು — ಮಾದರಿ ನೋಡ್ತಾ ಟೈಮ್ ಹಾಳು ಮಾಡ್ಬೇಡ, ನಿನ್ನ ಕೈ ನಂಬು. ಪಾಪು, ಯಾಕೆ ಮುಖ ಹಾಗಾಯ್ತು, ಕೂತ್ಕೋ, ನೀರು ಕುಡಿ, ಎನ್ನುತ್ತಿದ್ದಾಳೆ ಸಹಾಯಕಿ, ಗ್ಲೌಸು ಕಿತ್ತೆ, ಬೆರಳಿಗೆ ಅಂಟಿಕೊಂಡು ಬರಲೊಲ್ಲದು, ಫೋನು ಕೈಗೆ ಬಂತು, ತೂಕಡಿಕೆಯ ಹೆಸರು ಮೇಲೆಯೇ ಇದೆ, ಹೆಬ್ಬೆರಳು ಇಟ್ಟರೆ ಆಯಿತು, ಹಲೋ, ತುಂಬಿಸಿಬಿಡಪ್ಪ ಆ ಕಾಲಂ, ಅಷ್ಟೇ, ಉಲ್ಟಾ ಹಲ್ಲು ಸರಿಹೋಗುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ, ಗೊತ್ತಾಗುತ್ತದೆ, ಒಂದು ದಿನ ಮೇಷ್ಟ್ರು ಪ್ಲಾಸ್ಟರಿನ ಹಲ್ಲು ಹೊತ್ತು ತರುತ್ತಾರೆ, ಅವಳ ನಾಲಿಗೆ ಅವಳ ಹಲ್ಲಿನ ಮೇಲೆ ಹೋಗುತ್ತದೆ, ಆಮೇಲೆ ಅವಳೂ ಬಸ್ ಸ್ಟಾಪಿನಲ್ಲಿ ಯಾರದೋ ತೋಳಿನ ಅಂಚು ನೋಡುತ್ತಾಳೆ. ಮಾಡದಿದ್ದರೆ, ಸೀಟು ಸಿಗದಿದ್ದರೆ, ನನ್ನ ಕೈಯಲ್ಲಿ ಆಗಲಿಲ್ಲ ಅಮ್ಮಾ ಎನ್ನುತ್ತಾಳೆ, ಆ ಚಂದದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಜನ್ಮವಿಡೀ ಹಾಗೇ ತಿಳಿದುಕೊಂಡಿರುತ್ತಾಳೆ, ಆಗಲಿಲ್ಲ ಎಂದು, ಕೆಟ್ಟದ್ದು ಅವಳ ಕೈಯಲ್ಲ ನನ್ನ ಕುರ್ಚಿ ಎಂದು ನಾನು ಹೇಳಬೇಕು, ಹೇಳುತ್ತೇನೆಯೇ, ಅಪ್ಪ ಹೇಳಿದರೇ. ಫೋನು ಕೈಯಲ್ಲೇ ನಡುಗಿತು, ಅವಳೇ, ಮಗಳೇ, ಅಮ್ಮಾ ಮುಗೀತು, ಎಷ್ಟು ಚೆನ್ನಾಗಿ ಬಂತು ಗೊತ್ತಾ, ಎಲ್ಲರೂ ಎದ್ದು ಹೋಗಿ ಮಾದರಿ ನೋಡ್ತಾ ಇದ್ರು, ನಾನು ಹೋಗ್ಲೇ ಇಲ್ಲ, ನೀನು ಹೇಳಿದ್ದೆಯಲ್ಲ, ಕೈ ತಾನಾಗೇ ಹೋಯ್ತಮ್ಮ, ಹಿಂದೆ ಎಲ್ಲೋ ನಲ್ಲಿಯ ಸದ್ದು, ಹುಡುಗ ಹುಡುಗಿಯರ ಗಲಗಲ, ನನ್ನ ಪಕ್ಕ ಒಬ್ಬ ಇದ್ದ, ಎಷ್ಟು ನೀಟಾಗಿ ಮಾಡಿದ್ದ, ಆದ್ರೆ ಪಾಪ ಅಮ್ಮಾ, ನನ್ನದಕ್ಕೆ ಪೂರ್ತಿ ಉಲ್ಟಾ, ಹೇಳೋಣ ಅನ್ನಿಸ್ತು, ಹೇಳಿದ್ರೆ ಅದೂ ಶಿಫಾರಸೇ ಆಗುತ್ತಲ್ವಾ, ಸುಮ್ನಾದೆ, ಅಮ್ಮಾ, ಕೇಳಿಸ್ತಿದೆಯಾ, ನೀನು ಯಾರಿಗೂ ಫೋನ್ ಮಾಡಿಲ್ಲ ತಾನೇ, ಇಲ್ಲ, ಎಂದೆ, ಮಾಡಿಲ್ಲ, ಆಣೆ, ಆಣೆ, ಹಾಗಾದ್ರೆ ಇದು ಪೂರ್ತಿ ನಂದೇ, ಎಂದಳು, ನಕ್ಕಳು, ಆ ನಗು, ಮೇಜಿನ ಆಚೆ, ನನ್ನ ಕಣ್ಣಿಗೆ ನೇರ, ಚಾಕು ಕಿಟಕಿಯ ಕಡೆಗೆ, ನನ್ನದೂ ಕಿಟಕಿಯ ಕಡೆಗೆ, ಎರಡೂ ಹುಬ್ಬಿನ ಮೇಲೆ ಸೋಪಿನ ಪುಡಿ, ಎರಡೂ ಹುಬ್ಬಿನ ಮೇಲೆ